ಗ್ಲೆನ್ ಯಂಗ್ಕಿನ್ ಹೇಳಿದ್ದು, ಹೇಳದೆ ಬಿಟ್ಟಿದ್ದು

2026ರ ಜನವರಿಯಲ್ಲಿ ಗ್ಲೆನ್ ಯಂಗ್ಕಿನ್ ವರ್ಜೀನಿಯಾದ ಗವರ್ನರ್ ಹುದ್ದೆಯಿಂದ ಇಳಿದರು. ಸೋತು ಇಳಿದದ್ದಲ್ಲ. ಇಲ್ಲಿ ಗವರ್ನರ್ ಆದವರು ಅದರ ಬೆನ್ನಿಗೇ ಇನ್ನೊಂದು ಅವಧಿಗೆ ನಿಲ್ಲುವಂತಿಲ್ಲ. ಅಮೆರಿಕದ ಐವತ್ತು ರಾಜ್ಯಗಳಲ್ಲಿ ಈ ಕಟ್ಟುಪಾಡು ಉಳಿದಿರುವುದು ವರ್ಜೀನಿಯಾ ಒಂದರಲ್ಲೇ. ಊರಿನಲ್ಲಿ ಇದನ್ನು ಓದುವವರು ಗವರ್ನರ್ ಅಂದ ತಕ್ಷಣ ರಾಜಭವನ ನೆನೆಸಿಕೊಳ್ಳಬೇಡಿ. ಇಲ್ಲಿ ಗವರ್ನರ್ ಅಂದರೆ ಜನ ನೇರವಾಗಿ ವೋಟು ಹಾಕಿ ಆರಿಸಿದ ಮುಖ್ಯಮಂತ್ರಿ ಇದ್ದ ಹಾಗೆ. ಬಜೆಟ್, ಶಾಲೆ, ರಸ್ತೆ, ಪೊಲೀಸ್, ಎಲ್ಲದರಲ್ಲೂ ಅವರ ಮಾತು ನಡೆಯುತ್ತದೆ.

ಅವರು ಇಳಿದ ದಿನ ಉತ್ತರ ವರ್ಜೀನಿಯಾದ ಆಶ್‌ಬರ್ನ್ ಸುತ್ತಮುತ್ತಲಿನ ಕನ್ನಡದವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜೋರು ಚರ್ಚೆ. "ಟ್ಯಾಕ್ಸ್ ಇಳಿಸಿದ್ರು, ಶಾಲೆ ತೆರೆಸಿದ್ರು, ಇನ್ನೇನು ಬೇಕು?" ಅಂತ ಒಬ್ಬರು. "ಮುಖ ಒಂದು, ಒಳಗೆ ಇನ್ನೊಂದು" ಅಂತ ಇನ್ನೊಬ್ಬರು. ನಾನು ಅಲ್ಲಿ ಏನೂ ಬರೆಯಲಿಲ್ಲ. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. 2021ರಲ್ಲಿ ಅವರು ಅಭ್ಯರ್ಥಿಯಾಗಿದ್ದಾಗ ಮನೆಗೆ ಬಂದ ಕರಪತ್ರಗಳನ್ನು ನಾನು ಎತ್ತಿಟ್ಟುಕೊಂಡಿದ್ದೆ. ಅವನ್ನು ಮತ್ತೆ ಹರಡಿಕೊಂಡು, ಏನು ಹೇಳಿದ್ದರು, ಏನಾಯಿತು ಅಂತ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಅವರಿಗೆ ವೋಟು ಹಾಕಲಿಲ್ಲ. ನಮ್ಮನೆಯವರು ಹಾಕಿದರು. ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ, ಒಂದೇ ಸಾಲಿನಲ್ಲಿ ನಿಂತು ಹಾಕಿ ಬಂದೆವು. ಅವರ ಕಾರಣಗಳು ಗಟ್ಟಿಯಾಗಿಯೇ ಇದ್ದವು. ನನ್ನದೂ.

ನಮ್ಮನೆಯವರು ಆಗ ಹೇಳುತ್ತಿದ್ದ ಮಾತು ಇದು: "ನೋಡು, ಇದು ರಾಜ್ಯದ ಎಲೆಕ್ಷನ್. ವಾಷಿಂಗ್ಟನ್ ವಿಷಯ ಇದಕ್ಕೆ ಯಾಕೆ ತರ್ತೀಯ? ಹೆಗಡೆಯವರ ಕಾಲ ಮರೆತುಹೋಯ್ತಾ?" ಕರ್ನಾಟಕದವರಿಗೆ ಈ ತರ್ಕ ಹೊಸದಲ್ಲ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ನಮ್ಮ ಜನ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ ಕೊಟ್ಟರು. ಮೂರು ತಿಂಗಳು ಕಳೆದು 1985ರ ಮಾರ್ಚ್‌ನಲ್ಲಿ ವಿಧಾನಸಭೆಗೆ ಅದೇ ಜನ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು. ಅದು ತಿಳಿದೂ ತಿಳಿದೂ ಹಾಕಿದ ವೋಟು. ವರ್ಜೀನಿಯಾದವರೂ 2021ರಲ್ಲಿ ಮಾಡಿದ್ದು ಅದನ್ನೇ. 2020ರಲ್ಲಿ ಜೋ ಬೈಡನ್ ಇಲ್ಲಿ ಶೇಕಡಾ 10ರ ಅಂತರದಲ್ಲಿ ಗೆದ್ದಿದ್ದರು. ಮರುವರ್ಷ ನವೆಂಬರ್ 2ರಂದು ರಿಪಬ್ಲಿಕನ್ ಪಕ್ಷದ ಯಂಗ್ಕಿನ್, ಹಿಂದೆ ಒಂದು ಅವಧಿಗೆ ಗವರ್ನರ್ ಆಗಿದ್ದ ಡೆಮಾಕ್ರಟ್ ಟೆರಿ ಮಕಾಲಿಫ್ ಅವರನ್ನು ಶೇಕಡಾ ಎರಡರಷ್ಟು ಅಂತರದಲ್ಲಿ ಸೋಲಿಸಿದರು. 2009ರಿಂದ ಈಚೆಗೆ ಆ ಪಕ್ಷ ಇಡೀ ರಾಜ್ಯಕ್ಕೆ ನಡೆಯುವ ಒಂದು ಚುನಾವಣೆಯನ್ನೂ ಗೆದ್ದಿರಲಿಲ್ಲ.

ಹೇಗೆ ಗೆದ್ದರು ಅನ್ನುವುದರಲ್ಲೇ ಅವರ ಇಡೀ ರಾಜಕಾರಣ ಇದೆ. ಕಾರ್ಲೈಲ್ ಅನ್ನುವ ದೊಡ್ಡ ಹೂಡಿಕೆ ಕಂಪನಿಯಲ್ಲಿ ಸುಮಾರು 25 ವರ್ಷ ದುಡಿದು, ಅದರ ಜಂಟಿ ಮುಖ್ಯಸ್ಥರಾಗಿ 2020ರಲ್ಲಿ ಹೊರಬಂದವರು. ಅದಕ್ಕೂ ಮೊದಲು ಯಾವ ಚುನಾವಣೆಗೂ ನಿಂತವರಲ್ಲ. ಪಕ್ಷದೊಳಗೆ ಟಿಕೆಟ್ಟಿಗೆ ಸೆಣಸುವಾಗ ಟ್ರಂಪ್ ಅಭಿಮಾನಿಗಳಿಗೆ ಬೇಕಾದ ಹಾಗೆ ಚುನಾವಣೆಯ ಪಾವಿತ್ರ್ಯ ಕಾಪಾಡುವ ಮಾತು ಮುಂದಿಟ್ಟರು. ಟಿಕೆಟ್ ಸಿಕ್ಕ ಮೇಲೆ ಬೈಡನ್ ನ್ಯಾಯವಾಗಿಯೇ ಗೆದ್ದರು ಅಂದರು. ಟ್ರಂಪ್ ಬೆಂಬಲ ಘೋಷಿಸಿದರು, ಇವರು ಬೇಡ ಅನ್ನಲಿಲ್ಲ. ಆದರೆ ಅವರನ್ನು ವೇದಿಕೆಗೂ ಕರೆಯಲಿಲ್ಲ. ಮತದಾನದ ಹಿಂದಿನ ರಾತ್ರಿ ಟ್ರಂಪ್ ಫೋನಿನಲ್ಲೇ ಒಂದು ಸಭೆ ನಡೆಸಿದರೆ ಅದರಲ್ಲಿ ಯಂಗ್ಕಿನ್ ಇರಲಿಲ್ಲ. ತೋಳಿಲ್ಲದ ಕೆಂಪು ಜಾಕೆಟ್ ಹಾಕಿಕೊಂಡು, ದನಿ ಏರಿಸದೆ, ಎದುರಿಗಿದ್ದವರ ಹೆಸರು ಕೇಳಿ ಮಾತಾಡಿಸುವ ಎತ್ತರದ ಮನುಷ್ಯ. ನಮ್ಮ ಲೌಡನ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಹಿಂದೆ ಡೆಮಾಕ್ರಟರಿಗೆ ಹಾಕಿದ್ದ ಎಷ್ಟೋ ಮನೆಗಳಿಗೆ ಅವರು ಹಿಡಿಸಿದರು.

ಕರಪತ್ರದಲ್ಲಿ ಮೊದಲು ಕಾಣುವುದು ಟ್ಯಾಕ್ಸ್. ದಿನಸಿ ಮೇಲಿನ ತೆರಿಗೆ ಪೂರ್ತಿ ತೆಗೆಯುತ್ತೇನೆ, ಪೆಟ್ರೋಲ್ ಮೇಲಿನ ತೆರಿಗೆಯ ಏರಿಕೆ ಒಂದು ವರ್ಷ ತಡೆಯುತ್ತೇನೆ, ಆದಾಯದಲ್ಲಿ ತೆರಿಗೆ ಬೀಳದ ಮೊತ್ತ, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ಎರಡು ಪಟ್ಟು ಮಾಡುತ್ತೇನೆ, ಜನರ ಒಪ್ಪಿಗೆ ಇಲ್ಲದೆ ಮನೆ ತೆರಿಗೆ ಏರಿಸಲು ಕೌಂಟಿಗಳಿಗೆ ಬಿಡುವುದಿಲ್ಲ.

ದಿನಸಿಯದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನಾನೇ ಕೈಯಲ್ಲಿ ಹಿಡಿದು ನೋಡಿದ ಲೆಕ್ಕ. ವರ್ಜೀನಿಯಾದಲ್ಲಿ ಅಡುಗೆ ಸಾಮಾನಿನ ಮೇಲೆ ಶೇಕಡಾ 2.5 ತೆರಿಗೆ ಇತ್ತು. ಅದರಲ್ಲಿ 1.5 ರಾಜ್ಯಕ್ಕೆ, 1 ಸ್ಥಳೀಯ ಆಡಳಿತಕ್ಕೆ. 2023ರ ಜನವರಿ 1ರಿಂದ ರಾಜ್ಯದ ಪಾಲು ಹೋಯಿತು, ಸ್ಥಳೀಯರ ಪಾಲು ಉಳಿಯಿತು. ನಮ್ಮ ಇಂಡಿಯನ್ ಅಂಗಡಿಯ ಬಿಲ್ಲಿನಲ್ಲಿ ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಹುಣಸೆಹಣ್ಣು, ನುಗ್ಗೆಕಾಯಿ ಎಲ್ಲ ಒಂದು ಬಗೆ. ಊದುಬತ್ತಿ, ದೀಪದ ಬತ್ತಿ, ಪಾತ್ರೆ ತೊಳೆಯುವ ಸೋಪು ಇನ್ನೊಂದು ಬಗೆ. ಎರಡನೆಯದಕ್ಕೆ ನಮ್ಮ ಭಾಗದಲ್ಲಿ ಶೇಕಡಾ 6. ಕೌಂಟರಿನ ಪಕ್ಕದಲ್ಲಿ ಬಿಸಿಬಿಸಿ ಸಮೋಸ ತಗೊಂಡರೆ ಅದೂ ದಿನಸಿ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ತೆರಿಗೆಯೇ. ಅಡುಗೆ ಸಾಮಾನು 120 ಡಾಲರ್ ಆದರೆ ಮೊದಲು ಮೂರು ಡಾಲರ್ ತೆರಿಗೆ ಇರುತ್ತಿತ್ತು, ಈಗ ಒಂದು ಡಾಲರ್ 20 ಸೆಂಟ್. ನಮ್ಮಂಥ ಎರಡು ಸಂಬಳದ ಮನೆಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಊಟದ ಮೇಲೆ ತೆರಿಗೆ ಹಾಕಬಾರದು ಅನ್ನುವುದು ನನಗೆ ಮನಸಾರೆ ಒಪ್ಪಿಗೆ. ದುಡಿಮೆಯ ಹೆಚ್ಚು ಪಾಲು ಹೊಟ್ಟೆಗೇ ಹೋಗುವವರಿಗೆ ಈ ತೆರಿಗೆಯ ಭಾರ ಜಾಸ್ತಿ. ಮಕಾಲಿಫ್ ಇದನ್ನು ಮೊದಲು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಈ ಒಂದು ವಿಷಯದಲ್ಲಿ ಯಂಗ್ಕಿನ್‌ಗೆ ಪೂರ್ತಿ ಅಂಕ ಕೊಡುತ್ತೇನೆ.

ಡಿಡಕ್ಷನ್ ಎರಡು ಪಟ್ಟು ಆಗಲಿಲ್ಲ, ಆದರೆ ಹತ್ತಿರ ಬಂತು. ಗಂಡ ಹೆಂಡತಿ ಸೇರಿ ಸಲ್ಲಿಸುವವರಿಗೆ 9,000 ಇದ್ದದ್ದು 16,000 ಡಾಲರ್ ಆಯಿತು. 2022ರಲ್ಲಿ ಒಬ್ಬರಿಗೆ 250, ದಂಪತಿಗೆ 500 ಡಾಲರ್ ವಾಪಸ್ ಕೂಡ ಬಂತು. ಪೆಟ್ರೋಲ್ ತೆರಿಗೆಯ ಮಾತು ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಡೆಮಾಕ್ರಟರ ಕೈಯಲ್ಲಿ ಬಿದ್ದುಹೋಯಿತು. ಮನೆ ತೆರಿಗೆಗೆ ಜನಮತ ಅನ್ನುವುದು ಮುಂದಕ್ಕೇ ಹೋಗಲಿಲ್ಲ.

ಶಾಲೆಯ ವಿಷಯ ಇಷ್ಟು ಸುಲಭ ಅಲ್ಲ.

2021ರಲ್ಲಿ ನಮ್ಮ ಲೌಡನ್ ಶಾಲಾ ಮಂಡಳಿಯ ಸಭೆಗಳು ಇಡೀ ದೇಶದ ಟಿವಿಯಲ್ಲಿ ಬರುತ್ತಿದ್ದವು. ಜೂನ್ 22ರ ಸಭೆ ಗದ್ದಲ ಮೀರಿ, ಪೊಲೀಸರು ಬಂದು ಎಲ್ಲರನ್ನೂ ಹೊರಗೆ ಕಳಿಸಬೇಕಾಯಿತು. ಮಕ್ಕಳು ಒಂದು ವರ್ಷ ಲ್ಯಾಪ್‌ಟಾಪ್ ಮುಂದೆ ಕೂತು ಪಾಠ ಕೇಳಿದ್ದ ಸಂಕಟ ಎಲ್ಲ ತಾಯಂದಿರಿಗೂ ಇತ್ತು. ನನಗೂ ಇತ್ತು. ನನ್ನ ಮಗಳು ಗಣಿತದ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಅಂಥ ಹೊತ್ತಿನಲ್ಲಿ ಸೆಪ್ಟೆಂಬರ್ 28ರ ಚರ್ಚೆಯಲ್ಲಿ ಮಕಾಲಿಫ್, ಶಾಲೆಗಳು ಏನು ಕಲಿಸಬೇಕು ಅಂತ ತಂದೆತಾಯಿ ಹೇಳಬಾರದು ಅನ್ನುವ ಅರ್ಥದ ಮಾತಾಡಿದರು. ಯಂಗ್ಕಿನ್‌ಗೆ ಅಷ್ಟೇ ಸಾಕಾಯಿತು. ಮರುದಿನದಿಂದ ಎಲ್ಲ ಜಾಹೀರಾತಿನಲ್ಲೂ ಅದೇ ತುಣುಕು. ತಂದೆತಾಯಿಗೆ ಬೆಲೆ ಇದೆ ಅನ್ನುವ ಬೋರ್ಡು ಬೀದಿಬೀದಿಯಲ್ಲಿ ಎದ್ದಿತು.

ನಮ್ಮನೆಯವರನ್ನು ಹಿಡಿದದ್ದು ಟಿಜೆ. ಥಾಮಸ್ ಜೆಫರ್ಸನ್ ಹೈಸ್ಕೂಲ್ ಅಂದರೆ ಇಲ್ಲಿನ ಭಾರತೀಯರ ಮನೆಗಳಲ್ಲಿ ಐಐಟಿ ಅಂದ ಹಾಗೆ. ಇರುವುದು ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ, ನಮ್ಮ ಲೌಡನ್ ಮಕ್ಕಳಿಗೂ ಸೀಟು ಉಂಟು. 2020ರ ಕೊನೆಯಲ್ಲಿ ಅಲ್ಲಿನ ಮಂಡಳಿ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿ, ಪ್ರತಿ ಮಿಡ್ಲ್ ಸ್ಕೂಲಿನ ಎಂಟನೇ ಕ್ಲಾಸಿನ ಶೇಕಡಾ 1.5ರಷ್ಟು ಮಕ್ಕಳಿಗೆ ಸೀಟು ಕಾದಿರಿಸಿತು. ಮೊದಲ ವರ್ಷವೇ ಏಷ್ಯನ್ ಮಕ್ಕಳ ಪಾಲು ಶೇಕಡಾ 73ರಿಂದ 54ಕ್ಕೆ ಇಳಿಯಿತು. ವರ್ಷಗಟ್ಟಲೆ ಕೋಚಿಂಗಿಗೆ ಓಡಾಡಿಸಿದ್ದ ಮನೆಗಳಲ್ಲಿ ದುಃಖ, ಸಿಟ್ಟು ಎರಡೂ. ಹಳೆಯ ಪದ್ಧತಿ ವಾಪಸ್ ತರುತ್ತೇನೆ ಅಂದರು ಯಂಗ್ಕಿನ್.

ಪರೀಕ್ಷೆ ಇರಬೇಕು ಅನ್ನುವ ಕಡೆಯವಳೇ ನಾನು. ತಿಪಟೂರಿನ ಸರ್ಕಾರಿ ಶಾಲೆಯಿಂದ ಬಂದ ನನ್ನಂಥವಳಿಗೆ ಸಿಇಟಿ ರ್‍ಯಾಂಕು ಬಿಟ್ಟು ಬೇರೆ ಯಾವ ಶಿಫಾರಸೂ ಇರಲಿಲ್ಲ. ಆದರೆ ಟಿಜೆ ಪ್ರವೇಶ ಗವರ್ನರ್ ಕೈಯಲ್ಲಿರಲಿಲ್ಲ. ಅದು ಫೇರ್‌ಫ್ಯಾಕ್ಸ್ ಮಂಡಳಿಯದ್ದು. ಪೋಷಕರು ಹಾಕಿದ ಮೊಕದ್ದಮೆ 2022ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದು, 2023ರಲ್ಲಿ ಮೇಲಿನ ಕೋರ್ಟಿನಲ್ಲಿ ಬಿದ್ದು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೇ ತೆಗೆದುಕೊಳ್ಳುವುದಿಲ್ಲ ಅಂದಿತು. ಅಲ್ಲಿಗೆ ಮುಗಿಯಿತು. ತನ್ನ ಕೈಯಲ್ಲಿಲ್ಲದ ಮಾತು ಕೊಟ್ಟು ಮನೆಮನೆಯ ವೋಟು ತೆಗೆದುಕೊಂಡದ್ದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಇನ್ನು ಕ್ರಿಟಿಕಲ್ ರೇಸ್ ಥಿಯರಿ, ಅಂದರೆ ವರ್ಣಭೇದ ಕಾನೂನು, ಸಂಸ್ಥೆಗಳಲ್ಲೇ ಬೇರೂರಿದೆ ಅನ್ನುವ ಸಿದ್ಧಾಂತ. ಶಾಲೆಗಳಲ್ಲಿ ಅದನ್ನು ಕಲಿಸುವುದು ನಿಲ್ಲಿಸುತ್ತೇನೆ ಅಂತ ಪ್ರತಿ ಸಭೆಯಲ್ಲೂ ಹೇಳಿದರು. 2022ರ ಜನವರಿ 15ರಂದು ಪ್ರಮಾಣವಚನ ತೆಗೆದುಕೊಂಡ ದಿನವೇ ಅವರ ಮೊದಲ ಆದೇಶ ಅದರದ್ದೇ. ಎರಡನೆಯದು ಮಾಸ್ಕ್ ಬಗ್ಗೆ, ಹಾಕಿಸುವುದು ಬಿಡುವುದು ತಂದೆತಾಯಿಗೆ ಬಿಟ್ಟದ್ದು ಅಂತ. ಅದರ ಮೇಲೆ ಏಳು ಶಾಲಾ ಮಂಡಳಿಗಳು ಕೋರ್ಟಿಗೆ ಹೋದವು. ಕಡೆಗೆ ಕೆಲವು ಡೆಮಾಕ್ರಟರೂ ಸೇರಿ ಅದನ್ನೇ ಕಾಯ್ದೆ ಮಾಡಿದರು. ಮೇಷ್ಟ್ರುಗಳ ಮೇಲೆ ದೂರು ಕೊಡಲು ಪೋಷಕರಿಗೆ ಒಂದು ಇಮೇಲ್ ವಿಳಾಸವನ್ನೂ ತೆರೆದರು. ಅದು ಅದೇ ವರ್ಷ ಸದ್ದಿಲ್ಲದೆ ಮುಚ್ಚಿಹೋಯಿತು.

ನನ್ನ ಮಗಳ ನಾಲ್ಕನೇ ಕ್ಲಾಸಿನ ವರ್ಜೀನಿಯಾ ಇತಿಹಾಸದ ಪಾಠ ನಾನು ಕೂತು ಓದಿದ್ದೇನೆ. 1954ರಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಓದಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, ಈ ರಾಜ್ಯದ ದೊಡ್ಡವರು ಅದನ್ನು ತಡೆಯಲು ಕಾನೂನುಗಳನ್ನೇ ಮಾಡಿದರು. ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು, ಒಟ್ಟಿಗೆ ಕೂರಿಸುವುದು ಬೇಡ ಅಂತ. ಐದು ವರ್ಷ! ಅದೇ ಕೌಂಟಿಯ ಫಾರ್ಮ್‌ವಿಲ್ ಊರಿನಲ್ಲಿ 1951ರಲ್ಲೇ ಬಾರ್ಬರಾ ಜಾನ್ಸ್ ಅನ್ನುವ 16 ವರ್ಷದ ಹುಡುಗಿ ತನ್ನ ಶಾಲೆಯ ಕೆಟ್ಟ ಸ್ಥಿತಿಯ ವಿರುದ್ಧ ಮಕ್ಕಳನ್ನು ಕಟ್ಟಿಕೊಂಡು ಮುಷ್ಕರ ಮಾಡಿದ್ದಳು. ಮಗಳು ಇದನ್ನು ಓದಿ "ಅಮ್ಮ, ಆ ಮಕ್ಕಳು ಐದು ವರ್ಷ ಮನೇಲಿ ಏನು ಮಾಡ್ತಿದ್ರು?" ಅಂತ ಕೇಳಿದಳು. ಈ ಪ್ರಶ್ನೆ ಮಗುವಿನ ಬಾಯಲ್ಲಿ ಬರಬೇಕು. ಇದರಿಂದ ಯಾವ ಮಗುವಿನ ಮನಸ್ಸೂ ಕೆಡುವುದಿಲ್ಲ. ಯಂಗ್ಕಿನ್ ಕೂಡ ಇತಿಹಾಸ ಪೂರ್ತಿ ಕಲಿಸಬೇಕು, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಅಂತಲೇ ಹೇಳುತ್ತಿದ್ದರು. ಹಾಗಿದ್ದರೆ ಮೇಷ್ಟ್ರು ಬಾಯಿ ತೆರೆಯಲು ಹೆದರುವ ಹಾಗೆ ಆದೇಶ ಯಾಕೆ ಹೊರಡಿಸಬೇಕಿತ್ತು? ಇನ್ನೊಂದು ಕಡೆ, ಶಾಲೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಮೊಬೈಲ್ ಬೇಡ ಅಂತ 2024ರಲ್ಲಿ ಅವರು ಹೊರಡಿಸಿದ ಆದೇಶಕ್ಕೆ ನಾನು ಕೈ ಮುಗಿಯುತ್ತೇನೆ. ಮಗಳು ಈಗ ಊಟದ ಹೊತ್ತಿನಲ್ಲಿ ಗೆಳತಿಯರ ಜೊತೆ ಮಾತಾಡುತ್ತಾಳೆ.

ಈಗ ರಾಷ್ಟ್ರದ ವಿಷಯಕ್ಕೆ ಬರುತ್ತೇನೆ. ಅಲ್ಲೇ ನನ್ನ ತಕರಾರು ಇರುವುದು.

ಪ್ರಚಾರದ ಸಮಯದಲ್ಲಿ ನಮ್ಮ ಬೀದಿಗೆ ಬಂದ ಕಾರ್ಯಕರ್ತರನ್ನು ಪಕ್ಕದ ಮನೆಯವರು ಗ್ರೀನ್ ಕಾರ್ಡ್ ಬಗ್ಗೆ ಕೇಳಿದರು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಬಂದು, ಅರ್ಜಿ ಹಾಕಿ, ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಾದರೂ ಸರದಿ ಬಾರದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಕಾರ್ಯಕರ್ತರು ನೇರವಾಗಿ ಹೇಳಿದರು, ಅದು ಫೆಡರಲ್, ಅಂದರೆ ಕೇಂದ್ರದ ವಿಷಯ, ಗವರ್ನರ್ ಏನೂ ಮಾಡಲು ಬರುವುದಿಲ್ಲ. ಸರಿಯಾದ ಉತ್ತರವೇ. ಲಸಿಕೆಯ ಬಗ್ಗೆ ಅಭ್ಯರ್ಥಿಯ ನಿಲುವೂ ಸ್ಪಷ್ಟ ಇತ್ತು: ತಾನು ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ, ಆದರೆ ಸರ್ಕಾರ ಬಲವಂತ ಮಾಡಬಾರದು.

ಗರ್ಭಪಾತದ ವಿಷಯ ಮಾತ್ರ ಹಾಗಿರಲಿಲ್ಲ. ಕರಪತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದರೂ ಅದರ ಬಗ್ಗೆ ಒಂದು ಸಾಲಿಲ್ಲ. ಆ ಬೇಸಿಗೆಯಲ್ಲಿ ಒಂದು ವಿಡಿಯೋ ಹೊರಬಂತು. ಬೆಂಬಲಿಗರಂತೆ ನಟಿಸಿದವರು ಗುಟ್ಟಾಗಿ ತೆಗೆದದ್ದು. ಅದರಲ್ಲಿ ಯಂಗ್ಕಿನ್ ಹೇಳಿದ್ದರ ಸಾರ ಇಷ್ಟು: ಗೆದ್ದು, ಅಸೆಂಬ್ಲಿಯಲ್ಲಿ ಬಹುಮತ ಬಂದರೆ ಮುನ್ನುಗ್ಗಬಹುದು, ಆದರೆ ಪ್ರಚಾರದಲ್ಲಿ ಇದನ್ನು ಎತ್ತಿದರೆ ನನಗೆ ಬೇಕಾದ ಪಕ್ಷೇತರ ವೋಟು ಸಿಗುವುದಿಲ್ಲ. ಆಮೇಲೆ ಚರ್ಚೆಯಲ್ಲಿ ಕೇಳಿದಾಗ, ಟೆಕ್ಸಸ್ ಮಾಡಿದಂಥ, ಆರು ವಾರದ ನಂತರ ನಿಷೇಧಿಸುವ ಕಾನೂನಿಗೆ ಸಹಿ ಹಾಕುವುದಿಲ್ಲ, ಭ್ರೂಣಕ್ಕೆ ನೋವು ತಿಳಿಯುವ ಹಂತದ ಮೇಲೆ ನಿರ್ಬಂಧ ಹಾಕುವ ಮಸೂದೆ ಒಪ್ಪುತ್ತೇನೆ, ಅತ್ಯಾಚಾರ, ರಕ್ತಸಂಬಂಧಿಯಿಂದ ಆದ ಬಸಿರು, ತಾಯಿಯ ಜೀವ ಇವಕ್ಕೆ ವಿನಾಯಿತಿ ಇರಬೇಕು ಅಂದರು.

ಗುಟ್ಟಾಗಿ ವಿಡಿಯೋ ತೆಗೆದದ್ದು ಒಳ್ಳೆಯ ಕೆಲಸ ಅಂತ ನಾನು ಹೇಳುವುದಿಲ್ಲ. ಆದರೆ ಮಾತು ಅವರದ್ದೇ.

"ಅದು ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿ ಐವತ್ತು ವರ್ಷ ಆಯ್ತಲ್ಲ, ಗವರ್ನರ್ ಏನು ಮಾಡ್ತಾರೆ?" ಅಂತ ನಮ್ಮನೆಯವರೂ, ಅವರ ಗೆಳೆಯರೂ ಕೇಳಿದರು. ನನಗೆ ಆಗ ನೆನಪಿಗೆ ಬರುತ್ತಿದ್ದದ್ದು ಸವಿತಾ ಹಾಲಪ್ಪನವರ. ಬೆಳಗಾವಿಯ ಹೆಣ್ಣುಮಗಳು, ಹಲ್ಲಿನ ಡಾಕ್ಟರ್, 31 ವರ್ಷ. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿ ಇದ್ದರು. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸಿರು. ಬೆನ್ನುನೋವು ಅಂತ ಆಸ್ಪತ್ರೆಗೆ ಹೋದರು. ಬಸಿರು ಉಳಿಯುವುದಿಲ್ಲ ಅಂತ ಡಾಕ್ಟರುಗಳಿಗೆ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆಗುವುದಿಲ್ಲ ಅಂದರು. ಸೋಂಕು ರಕ್ತಕ್ಕೆ ಹರಡಿ ಅಕ್ಟೋಬರ್ 28ರಂದು ಸತ್ತರು.

ನಮ್ಮ ವಯಸ್ಸಿನ, ನಮ್ಮ ಹಾಗೇ ಸೀರೆ ಮಡಿಸಿ ಸೂಟ್‌ಕೇಸಿಗೆ ಹಾಕಿಕೊಂಡು ಪರದೇಶಕ್ಕೆ ಬಂದ ಹೆಣ್ಣು. ಆ ಸುದ್ದಿ ಬಂದಾಗ ನನಗೇ ಮೊದಲ ಬಸಿರು. ಅಮ್ಮ ತಿಪಟೂರಿನಿಂದ ಫೋನ್ ಮಾಡಿ, "ಅಲ್ಲಿ ನಿಮ್ಮೂರಲ್ಲಿ ಹಂಗೇನೂ ಇಲ್ವಲ್ಲ ಕಣೇ?" ಅಂತ ಕೇಳಿದ್ದಳು. ಇಲ್ಲಮ್ಮ ಅಂದಿದ್ದೆ. ಆಗ ಅದು ನಿಜವೇ ಆಗಿತ್ತು.

ವಿನಾಯಿತಿ ಇದೆಯಲ್ಲ, ತಾಯಿಯ ಜೀವಕ್ಕೆ ಅಪಾಯ ಇದ್ದರೆ ಮಾಡಬಹುದಲ್ಲ, ಅಂತ ಹೇಳುವವರಿಗೆ ನಾನು ಹೇಳುವುದು ಇದನ್ನೇ. ಐರ್ಲೆಂಡಿನಲ್ಲೂ ಆ ವಿನಾಯಿತಿ ಇತ್ತು. 1992ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟಿತ್ತು. ಆದರೆ ಅಪಾಯ ಎಷ್ಟಾದಾಗ ಕೈ ಹಾಕಬಹುದು ಅನ್ನುವುದು ಡಾಕ್ಟರಿಗೆ ಕಾನೂನಿನ ಪ್ರಶ್ನೆ ಆಗಿಬಿಟ್ಟರೆ, ಅವರು ಕಾಯುತ್ತಾರೆ. ಕಾಯುವುದರೊಳಗೆ ಜೀವ ಹೋಗುತ್ತದೆ. 2018ರ ಮೇ 25ರಂದು ಐರ್ಲೆಂಡಿನ ಜನ ಶೇಕಡಾ 66.4ರಷ್ಟು ಮತ ಹಾಕಿ ಆ ನಿಷೇಧವನ್ನು ಸಂವಿಧಾನದಿಂದಲೇ ಕಿತ್ತುಹಾಕಿದರು. ಅದಕ್ಕೂ ಮೊದಲು, ನನ್ನ ಮಗಳನ್ನು ನೆನೆದು ವೋಟು ಹಾಕಿ ಅಂತ ಸವಿತಾ ಅವರ ತಂದೆ ಬೆಳಗಾವಿಯಿಂದಲೇ ಅಲ್ಲಿನ ಜನರನ್ನು ಕೇಳಿಕೊಂಡಿದ್ದರು.

ಯಂಗ್ಕಿನ್ ಗೆದ್ದು ಎಂಟು ತಿಂಗಳು ಆಗಿರಲಿಲ್ಲ, 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, ಗರ್ಭಪಾತವನ್ನು ಹಕ್ಕು ಅಂದಿದ್ದ ಸುಮಾರು ಐವತ್ತು ವರ್ಷದ ತನ್ನ ತೀರ್ಪನ್ನು ತಾನೇ ತೆಗೆದುಹಾಕಿತು. ಇನ್ನು ಮೇಲೆ ಇದು ಆಯಾ ರಾಜ್ಯಕ್ಕೆ ಸೇರಿದ್ದು ಅಂದಿತು. ರಾಷ್ಟ್ರದ ವಿಷಯ ಒಂದು ಬೆಳಗಿನಲ್ಲಿ ನಮ್ಮ ರಾಜಧಾನಿ ರಿಚ್ಮಂಡಿನ ವಿಷಯ ಆಯಿತು. ಯಂಗ್ಕಿನ್ ಅದೇ ದಿನ, 15 ವಾರದ ನಂತರ ನಿಷೇಧಿಸುವ ಮಸೂದೆ ಸಿದ್ಧ ಮಾಡಿ ಅಂತ ತಮ್ಮ ಪಕ್ಷದವರಿಗೆ ಹೇಳಿದರು. ವರ್ಜೀನಿಯಾದ ಈಗಿನ ಕಾನೂನಿನಲ್ಲಿ ಎರಡನೇ ತ್ರೈಮಾಸಿಕದ ಕೊನೆಯವರೆಗೆ, ಅಂದರೆ ಸುಮಾರು 26 ವಾರದವರೆಗೆ, ಅವಕಾಶ ಇದೆ. ಸವಿತಾ ಅವರದ್ದು 17 ವಾರ. ಆ ಎರಡು ವಾರದ ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ.

2023ರ ಆರಂಭದಲ್ಲಿ ಸೆನೆಟ್ಟಿನಲ್ಲಿ ಡೆಮಾಕ್ರಟರು ಆ ಮಸೂದೆಗಳನ್ನು ಮುಂದೆ ಹೋಗಲು ಬಿಡಲಿಲ್ಲ. ಆ ವರ್ಷದ ನವೆಂಬರ್ ಚುನಾವಣೆಗೆ ಯಂಗ್ಕಿನ್ 15 ವಾರವನ್ನು ಬಹಿರಂಗವಾಗಿಯೇ ಮುಂದಿಟ್ಟರು. ಇದು ನಿಷೇಧ ಅಲ್ಲ, ಮಿತಿ, ಅಂತ ಜಾಹೀರಾತು ಕೊಟ್ಟರು. ಈ ಸಲ ಬಚ್ಚಿಡಲಿಲ್ಲ, ಅದಕ್ಕೆ ಅವರನ್ನು ಮೆಚ್ಚುತ್ತೇನೆ. ಜನ ಉತ್ತರ ಕೊಟ್ಟರು. ಸೆನೆಟ್ 21-19ರಲ್ಲಿ ಡೆಮಾಕ್ರಟರಲ್ಲೇ ಉಳಿಯಿತು, ಕೆಳಮನೆ ಹೌಸ್ ಕೂಡ 51-49ರಲ್ಲಿ ಅವರ ಕಡೆ ಬಂತು. 2021ರಲ್ಲಿ ಇದೇ ಮಾತನ್ನು ಇಷ್ಟೇ ನೇರವಾಗಿ ಹೇಳಿದ್ದರೆ ಶೇಕಡಾ ಎರಡರ ಆ ಗೆಲುವು ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ ಅಂತಲೇ ನನ್ನ ಎಣಿಕೆ. ಅವರಿಗೂ ಅದು ಗೊತ್ತಿತ್ತು, ವಿಡಿಯೋದಲ್ಲಿ ಅವರೇ ಹೇಳಿದ್ದರಲ್ಲ.

ಮನುಷ್ಯ ಒಂದೇ ಬಣ್ಣದವರಲ್ಲ ಅನ್ನುವುದನ್ನೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಸಲಿಂಗಿಗಳ ಮದುವೆಗೆ ರಾಜ್ಯದ ಕಾನೂನಿನಲ್ಲೇ ರಕ್ಷಣೆ ಕೊಡುವ ಮಸೂದೆಗೆ ಸಹಿ ಹಾಕಿದರು. ಅವರ ಪಕ್ಷದ ಎಷ್ಟೋ ಗವರ್ನರುಗಳು ಅದನ್ನು ಮುಟ್ಟುತ್ತಿರಲಿಲ್ಲ. ಅದೇ ವರ್ಷ ಗರ್ಭನಿರೋಧಕಗಳ ಹಕ್ಕನ್ನು ಕಾಪಾಡುವ ಮಸೂದೆಗೆ ವೀಟೋ. ಕನಿಷ್ಠ ಕೂಲಿ 15 ಡಾಲರ್ ಮಾಡುವುದಕ್ಕೂ ವೀಟೋ. ಆ ಒಂದು ಅಧಿವೇಶನದಲ್ಲಿ 200ಕ್ಕೂ ಹೆಚ್ಚು ಮಸೂದೆಗಳನ್ನು ತಿರಸ್ಕರಿಸಿದರು, ವರ್ಜೀನಿಯಾದ ಮಟ್ಟಿಗೆ ಅದು ದಾಖಲೆ.

2025ರಲ್ಲಿ ರಾಜ್ಯ, ರಾಷ್ಟ್ರ ಅನ್ನುವ ಗೆರೆ ಪೂರ್ತಿ ಅಳಿಸಿಹೋಯಿತು. ಟ್ರಂಪ್ ಮತ್ತೆ ಬಂದರು, ಫೆಡರಲ್ ಕಚೇರಿಗಳಲ್ಲಿ ಜನರನ್ನು ತೆಗೆಯುವುದು ಶುರುವಾಯಿತು. ಉತ್ತರ ವರ್ಜೀನಿಯಾ ನಿಂತಿರುವುದೇ ಆ ಕೆಲಸಗಳ ಮೇಲೆ. ನೇರ ನೌಕರರಷ್ಟೇ ಅಲ್ಲ, ಗುತ್ತಿಗೆ ಕಂಪನಿಗಳಲ್ಲಿ ಪ್ರಾಜೆಕ್ಟ್ ಮೇಲೆ ಇರುವ ನಮ್ಮ ಜನವೂ ಬಹಳ. ನನ್ನ ಗೆಳತಿಯೊಬ್ಬಳ ಪ್ರಾಜೆಕ್ಟ್ ಒಂದು ಶುಕ್ರವಾರ ಮಧ್ಯಾಹ್ನದ ಇಮೇಲಿನಲ್ಲಿ ನಿಂತುಹೋಯಿತು. ಅವಳು ಎಚ್-1ಬಿ. ಬೇರೆ ಕೆಲಸ ಸಿಗದಿದ್ದರೆ 60 ದಿನದಲ್ಲಿ ದೇಶ ಬಿಡಬೇಕು. ಮನೆ ಸಾಲ, ಇಬ್ಬರು ಮಕ್ಕಳು. ಗವರ್ನರ್ ಕಡೆಯಿಂದ ಬಂದದ್ದು ರಾಜ್ಯದಲ್ಲಿ ಎರಡೂವರೆ ಲಕ್ಷ ಕೆಲಸ ಖಾಲಿ ಇವೆ ಅನ್ನುವ ಮಾತು, ಹುಡುಕಿಕೊಳ್ಳಲು ಒಂದು ವೆಬ್‌ಸೈಟ್. ಆ ಕೆಲಸಗಳಲ್ಲಿ ಅವಳಿಗೆ ವೀಸಾ ಕೊಡುವವು ಎಷ್ಟು ಅಂತ ಕೇಳುವವರು ಯಾರೂ ಇರಲಿಲ್ಲ. ತಮ್ಮ ರಾಜ್ಯದ ಜನರ ಪರವಾಗಿ ಅಧ್ಯಕ್ಷರಿಗೆ ಒಂದು ಗಟ್ಟಿ ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆ ವರ್ಷದ ಫೆಬ್ರವರಿಯಲ್ಲಿ ರಾಜ್ಯದ ಪೊಲೀಸರು ಫೆಡರಲ್ ವಲಸೆ ಅಧಿಕಾರಿಗಳ ಜೊತೆ ಕೈಜೋಡಿಸಬೇಕು ಅನ್ನುವ ಆದೇಶಕ್ಕೆ ಸಹಿ ಹಾಕಿದರು. ನಾಲ್ಕು ವರ್ಷದ ಹಿಂದೆ ಅವರ ಕಾರ್ಯಕರ್ತರು ನಮ್ಮ ಬೀದಿಯಲ್ಲಿ ನಿಂತು, ವಲಸೆ ಗವರ್ನರ್ ಕೈಯಲ್ಲಿಲ್ಲ ಅಂದಿದ್ದರಲ್ಲ, ನನಗೆ ಆ ಮಾತು ನೆನಪಾಯಿತು. ಸರದಿಯನ್ನು ಚಿಕ್ಕದು ಮಾಡುವುದು ಅವರ ಕೈಯಲ್ಲಿರಲಿಲ್ಲ, ನಿಜ. ರಸ್ತೆಯಲ್ಲಿ ಕಾರು ನಿಲ್ಲಿಸುವ ಪೊಲೀಸರಿಗೆ ಯಾವ ಅಧಿಕಾರ ಕೊಡಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು. ನಮ್ಮ ಗುಂಪಿನಲ್ಲಿ ಆ ವಾರ ಬಂದ ಸಂದೇಶ: "ಎಲ್ಲರೂ ಗ್ರೀನ್ ಕಾರ್ಡ್, ವೀಸಾ ಪೇಪರ್ ಜೊತೇಲೇ ಇಟ್ಕೊಳ್ಳಿ. ಊರಿಂದ ಬಂದಿರೋ ಅಪ್ಪ ಅಮ್ಮ ವಾಕಿಂಗ್ ಹೋಗುವಾಗ ಪಾಸ್‌ಪೋರ್ಟ್ ನಕಲು ಕೊಟ್ಟು ಕಳಿಸಿ."

ನವೆಂಬರ್‌ನಲ್ಲಿ ಯಂಗ್ಕಿನ್ ಜೊತೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ವಿನ್ಸಮ್ ಅರ್ಲ್-ಸಿಯರ್ಸ್ ಗವರ್ನರ್ ಸ್ಥಾನಕ್ಕೆ ನಿಂತು, ಡೆಮಾಕ್ರಟ್ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಎದುರು ಸುಮಾರು 15 ಪಾಯಿಂಟ್‌ಗಳ ಅಂತರದಲ್ಲಿ ಸೋತರು. ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಾಷ್ಮಿ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ನಮ್ಮನೆಯವರು ಈ ಸಲ ಯಾರಿಗೆ ಹಾಕಿದರು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಆದರೆ ಇದು ರಾಜ್ಯದ ಎಲೆಕ್ಷನ್, ವಾಷಿಂಗ್ಟನ್ ತರಬೇಡ, ಅನ್ನುವ ಮಾತು ಮಾತ್ರ ಮನೆಯಲ್ಲಿ ಬರಲಿಲ್ಲ.

ಈಗ ಯಂಗ್ಕಿನ್ 2028ಕ್ಕೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬಹುದು ಅಂತ ಪತ್ರಿಕೆಯವರು ಬರೆಯುತ್ತಿದ್ದಾರೆ. ನಿಂತರೆ, ಅವರ ಕಡೆಯವರು ಮತ್ತೆ ನಮ್ಮ ಬೀದಿಗೆ ಬರುತ್ತಾರೆ. ದಿನಸಿ ತೆರಿಗೆಯ ಬಗ್ಗೆ ನಾನು ಏನೂ ಕೇಳುವುದಿಲ್ಲ, ಅದಕ್ಕೆ ಥ್ಯಾಂಕ್ಸ್ ಹೇಳುತ್ತೇನೆ. ಕೇಳುವುದು ಕರಪತ್ರದಲ್ಲಿ ಇಲ್ಲದ್ದನ್ನು: ಹದಿನೇಳನೇ ವಾರದಲ್ಲಿ ಬಸಿರು ನಿಲ್ಲುವುದಿಲ್ಲ ಅಂತ ಗೊತ್ತಾದ ಹೆಣ್ಣು ಆಸ್ಪತ್ರೆಯ ಮಂಚದ ಮೇಲೆ ಇದ್ದಾಳೆ, ನಿಮ್ಮ ಕಾನೂನಿನಲ್ಲಿ ಡಾಕ್ಟರ್ ಎಷ್ಟು ಹೊತ್ತು ಕಾಯಬೇಕು? ಕಾಯದೆ ಕೈ ಹಾಕಿದ ಡಾಕ್ಟರಿಗೆ ಏನು ಶಿಕ್ಷೆ? ಉತ್ತರ ಗಂಟೆಯ ಲೆಕ್ಕದಲ್ಲಿ, ವರ್ಷದ ಲೆಕ್ಕದಲ್ಲಿ ಬೇಕು ನನಗೆ. ಬರೆದುಕೊಳ್ಳುತ್ತೇನೆ.